ಕನ್ಸರ್ವೇಟರಿಗೆ ಹೊಸದಾಗಿ ಸೇರ್ತಿರೋರಿಗೆ: ವಯಲಿನ್ ಓದಿದ ನನ್ನ ಅನುಭವ

ಕನ್ಸರ್ವೇಟರಿ, ಅಂದ್ರೆ ಪಾಶ್ಚಾತ್ಯ ಸಂಗೀತ ಕಲಿಸೋ ಕಾಲೇಜು, ಸೇರೋಕೆ ಮುಂಚೆ ಎಲ್ಲರ ತಲೇಲೂ ಒಂದೇ ಪ್ರಶ್ನೆ ಓಡ್ತಿರತ್ತೆ, ಯಾವ ಟೀಚರ್ ಸಿಗ್ತಾರೆ ಅಂತ. ಅದು ಮುಖ್ಯಾನೇ, ಇಲ್ಲ ಅನ್ನಲ್ಲ. ಆದ್ರೆ ಮೇನ್ ಲೆಸನ್ ಸಾಮಾನ್ಯವಾಗಿ ಇರೋದು ವಾರಕ್ಕೊಂದು ಗಂಟೆ ಅಷ್ಟೆ, ಮಿಕ್ಕ ದಿನ ಎಲ್ಲಾ ನೀವು, ನಿಮ್ಮ ವಾದ್ಯ, ನಾಲ್ಕು ಗೋಡೆ. ನಾನು ವಯಲಿನ್ ಓದಿ ಮುಗಿಸಿ ಈಗ ಹೊಸ ಹುಡುಗ್ರಿಗೆ ಪಾಠ ಹೇಳ್ತಿದೀನಿ, ನಾನು ನೋಡಿರೋ ಮಟ್ಟಿಗೆ ಮುಂದೆ ಹೋಗೋರು ಯಾರಪ್ಪಾ ಅಂದ್ರೆ ಆ ಮಿಕ್ಕ ದಿನಗಳಲ್ಲಿ ತಮಗೆ ತಾವೇ ಟೀಚರ್ ಆಗೋದನ್ನ ಕಲಿತೋರು.

ನನಗೆ ಇದು ಸಾಧ್ಯ ಆಗಿದ್ದು ಒಂದು ನೋಟ್‌ಬುಕ್‌ನಿಂದ. ಲೆಸನ್ ಮುಗಿಸಿ ಹೊರಗೆ ಬಂದ ತಕ್ಷಣ, ಯಾರ ಜೊತೇನೂ ಮಾತಾಡೋಕೆ ಮುಂಚೆ, ಕಾರಿಡಾರಲ್ಲೇ ಕೂತು ಬರೀತಿದ್ದೆ. ಟೀಚರ್ ಏನು ಹೇಳಿದ್ರು ಅಂತ ಬರೆಯೋದಲ್ಲ, ಅವರಿಗೆ ಏನು ಕೇಳಿಸ್ತು, ಅದು ನನಗ್ಯಾಕೆ ಕೇಳಿಸ್ತಿರಲಿಲ್ಲ ಅಂತ ಬರೆಯೋದು. "ಇಲ್ಲಿ ಬೋ (ಕಮಾನು) ನಿಧಾನ ಮಾಡು" ಅಂತ ಅವರು ಹೇಳಿದ್ದು ಈ ಒಂದು ಬಾರ್‌ಗೆ (ತಾಳದ ಒಂದು ಆವರ್ತಕ್ಕೆ) ಮಾತ್ರ, ಆದ್ರೆ ಅವರು ಆ ಮಾತು ಯಾಕೆ ಹೇಳಿದ್ರು ಅನ್ನೋದು ಗೊತ್ತಾದ್ರೆ ಮುಂದಿನ ಪೇಜಲ್ಲಿ ಅದೇ ತೊಂದರೆ ಬಂದಾಗ ನೀವೇ ಹಿಡೀತೀರಾ. ಪರ್ಮಿಷನ್ ಕೊಟ್ರೆ ಲೆಸನ್ ರೆಕಾರ್ಡ್ ಮಾಡ್ಕೊಳ್ಳಿ, ಅದೂ ಒಳ್ಳೇದೇ, ಆದ್ರೆ ರೆಕಾರ್ಡಿಂಗ್ ಇದೆಯಲ್ಲಾ ಅಂತ ಬರೆಯೋದು ಬಿಡಬೇಡಿ.

ಇನ್ನು ಗಂಟೆ ಲೆಕ್ಕ. ಪ್ರಾಕ್ಟೀಸ್ ರೂಮ್‌ಗಳ ಗೋಡೆಯಿಂದ ಆಚೆಯವರು ನುಡಿಸೋದು ಕೇಳಿಸ್ತಾ ಇರತ್ತೆ, ಅವರು ಇನ್ನೂ ನಿಲ್ಲಿಸಿಲ್ಲ ಅಂತ ನೀವೂ ನಿಲ್ಲಿಸಲ್ಲ, ಹೊಸಬರೆಲ್ಲ ಹೀಗೇ ಮಾಡ್ತಾರೆ. ಮನಶ್ಶಾಸ್ತ್ರಜ್ಞ ಎರಿಕ್ಸನ್ ಮತ್ತೆ ಅವರ ಜೊತೆಯವರು ಬರ್ಲಿನ್‌ನ ಸಂಗೀತ ಅಕಾಡೆಮಿಯ ವಯಲಿನ್ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ 1993ರಲ್ಲಿ ಬಂತು, ಯಾವುದರಲ್ಲಾದ್ರೂ ಪಳಗೋಕೆ ಹತ್ತು ಸಾವಿರ ಗಂಟೆ ಅಭ್ಯಾಸ ಬೇಕು ಅನ್ನೋ ಮಾತು ಹುಟ್ಟಿದ್ದೇ ಅದರಿಂದ. ಆದ್ರೆ ಜನ ಆ ನಂಬರ್ ಒಂದನ್ನ ಇಟ್ಕೊಂಡು ಉಳಿದಿದ್ದನ್ನ ಮರೆತ್ರು. ಅಲ್ಲಿ ಚೆನ್ನಾಗಿ ನುಡಿಸ್ತಿದ್ದವರು ಒಂದೊಂದೂವರೆ ಗಂಟೆ ಪೂರ್ತಿ ಗಮನ ಇಟ್ಟು ನುಡಿಸಿ ಬಿಡುವು ತಗೋತಿದ್ರು, ನಿದ್ದೇನೂ ಉಳಿದವರಿಗಿಂತ ಜಾಸ್ತಿ ಮಾಡ್ತಿದ್ರು, ಮಧ್ಯಾಹ್ನದ ನಿದ್ದೆ ಸಮೇತ. ನಾನೂ ಬೆಳಿಗ್ಗೆ ತಲೆ ಫ್ರೆಶ್ ಇರುವಾಗ ಕಷ್ಟದ್ದನ್ನೆಲ್ಲ ಮಾಡಿ, ಸಂಜೆಗೆ ಸೈಟ್ ರೀಡಿಂಗು (ಮೊದಲ ಸಲ ನೋಡಿದ ಸ್ವರಲಿಪಿಯನ್ನ ಅಲ್ಲೇ ನುಡಿಸೋದು), ಸ್ಕೋರ್ (ಕೃತಿಯ ಸ್ವರಲಿಪಿ) ಓದೋದು ಇಟ್ಕೊಂಡಿದ್ದೆ, ಕಿವಿ ಗಮನ ಕೊಡೋದು ನಿಂತ ಮೇಲೆ ಕೈ ಮಾಡೋದೆಲ್ಲ ತಪ್ಪನ್ನೇ ಗಟ್ಟಿ ಮಾಡೋ ಕೆಲಸ.

ಹಾಗಾದ್ರೆ ರೂಮೊಳಗೆ ಏನು ಮಾಡೋದು? ಒಂದೇ ಒಂದು ಉದಾಹರಣೆ ಹೇಳ್ತೀನಿ, ಯಾಕಂದ್ರೆ ನನ್ನ ಕಿವಿ ತೆರೆದಿದ್ದೇ ಇದು. ವಯಲಿನ್‌ನ ಜಿ, ಡಿ, ಎ, ಇ ತಂತಿಗಳನ್ನ ಟ್ಯೂನರ್ (ಶ್ರುತಿ ತೋರಿಸೋ ಯಂತ್ರ) ಇಲ್ಲದೆ, ಎರಡೆರಡು ತಂತಿ ಒಟ್ಟಿಗೆ ನುಡಿಸಿ ಶುದ್ಧವಾಗಿ ಕೂಡಿಸಿಕೊಳ್ಳಿ. ಈಗ ಡಿ ತಂತಿ ಮೇಲೆ ಮೊದಲ ಬೆರಳಿಟ್ಟು ಇ ನೋಟ್ ಹಿಡೀರಿ, ಪಕ್ಕದ ಖಾಲಿ ಎ ತಂತಿ ಜೊತೆ ಸೇರಿಸಿ ನುಡಿಸಿ, ಅಲುಗಾಡೋ ಸದ್ದು ಪೂರ್ತಿ ನಿಲ್ಲೋವರೆಗೂ ಬೆರಳು ಸರಿ ಮಾಡ್ತಾ ಹೋಗಿ. ನಿಂತ್ತಾ? ಈಗ ಬೆರಳು ಒಂದು ಕೂದಲೆಳೆಯಷ್ಟೂ ಕದಲಿಸದೆ ಅದೇ ಇ ನೋಟನ್ನ ಕೆಳಗಿನ ಖಾಲಿ ಜಿ ತಂತಿ ಜೊತೆ ನುಡಿಸಿ ನೋಡಿ. ಕರ್ಕಶವಾಗಿ ಕೇಳಿಸತ್ತೆ, ಶ್ರುತಿ ಮೇಲಿದೆ ಅನ್ಸತ್ತೆ. ಬೆರಳನ್ನ ಸ್ವಲ್ಪ ಹಿಂದಕ್ಕೆ ಎಳೆದ್ರೆ ತಾನೇ ಸರಿ ಹೋಗತ್ತೆ, ಹೋದಾಗ ಕೆಳಗಡೆ ಎಲ್ಲೋ ಮೂರನೇ ಒಂದು ಮಂದ್ರ ಸ್ವರ ಗುಂಯ್ ಅಂತ ಹುಟ್ಟತ್ತೆ, ಯಾರೂ ನುಡಿಸದೇ ಇರೋ ಸ್ವರ ಅದು, 18ನೇ ಶತಮಾನದ ವಯಲಿನಿಸ್ಟ್ ಟಾರ್ಟಿನಿ ಇದನ್ನ ಗಮನಿಸಿ ಬರೆದಿದ್ದಕ್ಕೆ ಇವತ್ತಿಗೂ ಟಾರ್ಟಿನಿ ಟೋನ್ ಅಂತಾನೇ ಕರೀತಾರೆ. ಆ ಎರಡು ಇಗಳ ನಡುವಿನ ಅಂತರ ಸುಮಾರು 21.5 ಸೆಂಟ್, ಅಂದ್ರೆ ಒಂದು ಸೆಮಿಟೋನಿನ (ಸಪ್ತಕದ 12 ಸಮ ಭಾಗಗಳಲ್ಲಿ ಒಂದು, ಅದು 100 ಸೆಂಟ್) ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಎರಡೂ ಸರಿಯಾದ ಇ! ಜೊತೇಲಿ ಯಾರಿದಾರೆ ಅನ್ನೋದರ ಮೇಲೆ ಬದಲಾಗತ್ತೆ. ಟ್ಯೂನರ್ ಮಾತ್ರ ನೋಡ್ಕೊಂಡಿದ್ರೆ ಜಿ ಜೊತೆಗಿನ ಇ ತಪ್ಪು ಅಂತಾನೇ ತೋರಿಸ್ತಿತ್ತು, ಅದಕ್ಕೆ ಗೊತ್ತಿರೋದು 12 ಸಮ ಭಾಗ ಮಾಡಿದ ಸಪ್ತಕ ಮಾತ್ರ. ಪಿಯಾನೋದವರ ಜೊತೆ ನುಡಿಸುವಾಗ ಪಿಯಾನೋ ಕಡೆಗೆ ವಾಲಬೇಕಾಗತ್ತೆ, ಕ್ವಾರ್ಟೆಟ್‌ನಲ್ಲಿ (ನಾಲ್ಕು ತಂತಿವಾದ್ಯಗಳ ಗುಂಪಲ್ಲಿ) ಕೆಳಗಿನ ಸ್ವರ ನುಡಿಸೋ ಚೆಲ್ಲೋ ಏನು ನುಡಿಸ್ತಿದೆ ಅಂತ ಕೇಳಿ ಬೆರಳಿಡಬೇಕು. ಹತ್ತು ನಿಮಿಷದ ಈ ಕೆಲಸ ಮಾಡಿದ ದಿನ ಸ್ಕೇಲ್ ನುಡಿಸೋದು ಬೇಜಾರು ಅಂತ ಅನ್ಸೋದೇ ಇಲ್ಲ, ನಿಜವಾಗ್ಲೂ.

ಇದೇ ಕಾರಣಕ್ಕೆ ಇಯರ್ ಟ್ರೈನಿಂಗು, ಹಾರ್ಮನಿ ಕ್ಲಾಸ್‌ಗಳನ್ನ ದಯವಿಟ್ಟು ಸೈಡ್ ಸಬ್ಜೆಕ್ಟ್ ಅಂದ್ಕೋಬೇಡಿ. ಸೋಲ್ಫೇಜ್‌ನಲ್ಲಿ (ಸ್ವರಲಿಪಿ ನೋಡಿ ಹಾಡೋ ಕ್ಲಾಸಲ್ಲಿ) ಬಾಯಿಬಿಟ್ಟು ಹಾಡೋಕೆ ನಾಚಿಕೆ ಪಡೋರು ತುಂಬ ಜನ ಇರ್ತಾರೆ, ವಾದ್ಯದವರಂತೂ ಇನ್ನೂ ಜಾಸ್ತಿ. ಹಾಡೋಕೆ ಬಾರದ ಜಾಗದಲ್ಲಿ ಬೆರಳಿಗೂ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರಲ್ಲ, ನನ್ನ ಸ್ಟೂಡೆಂಟ್ಸ್‌ಗೆ ಶಿಫ್ಟ್ (ಎಡಗೈಯನ್ನ ತಂತಿ ಮೇಲೆ ಒಂದು ಜಾಗದಿಂದ ಇನ್ನೊಂದಕ್ಕೆ ಜಾರಿಸೋದು) ಕೈಕೊಟ್ಟಾಗ ನಾನು ಮೊದಲು ಹೇಳೋದೇ ವಯಲಿನ್ ಕೆಳಗಿಟ್ಟು ಹಾಡು ಅಂತ, ಅರ್ಧಕ್ಕರ್ಧ ಸಲ ಅಷ್ಟರಲ್ಲೇ ಸರಿ ಹೋಗತ್ತೆ. ಪಿಯಾನೋ ಸೆಕೆಂಡ್ ಇನ್‌ಸ್ಟ್ರುಮೆಂಟ್ ಆಗಿ ಬಂದ್ರೆ ಖುಷಿಯಿಂದ ತಗೊಳ್ಳಿ.

ಮೊದಲ ವರ್ಷ ಟೀಚರ್ ನಿಮ್ಮ ಬೋ ಹಿಡಿಯೋ ರೀತೀನೋ, ಎಡಗೈ ಕೂರೋ ರೀತೀನೋ ಬದಲಾಯಿಸಬಹುದು. ಆಗ ನಾದ ಮೊದಲಿಗಿಂತ ಹಾಳಾಗತ್ತೆ. ಕೆಲವು ತಿಂಗಳು ಹಾಗೇ ಇರಬಹುದು. ಅಡ್ಮಿಷನ್ ಆಡಿಷನ್‌ನಲ್ಲಿ ಅಷ್ಟು ಚೆನ್ನಾಗಿ ನುಡಿಸಿದ ನಾನು ಈಗ ಖಾಲಿ ತಂತಿ ಎಳೀತಾ ಕೂತಿದೀನಲ್ಲಾ ಅಂತ ಅಳು ಬರತ್ತೆ, ಬಂದ್ರೆ ಅಳಿ, ಆದ್ರೆ ಹಳೇ ಹಿಡಿತಕ್ಕೆ ಕದ್ದು ವಾಪಸ್ ಹೋಗಬೇಡಿ, ಎರಡರ ನಡುವೆ ಸಿಕ್ಕಿಹಾಕ್ಕೊಂಡ ಕೈ ಸರಿ ಮಾಡೋದು ತುಂಬ ಕಷ್ಟ. ಬದಲಾವಣೆ ಯಾಕೆ ಅಂತ ಅರ್ಥ ಆಗ್ಲಿಲ್ಲ ಅಂದ್ರೆ ಟೀಚರ್ ಹತ್ರ ನೇರವಾಗಿ ಕೇಳಿ, ಒಳ್ಳೆ ಟೀಚರ್‌ಗೆ ಆ ಪ್ರಶ್ನೆ ಇಷ್ಟಾನೇ ಆಗತ್ತೆ.

ನೋವು ಬಂದ್ರೆ ಮಾತ್ರ ಸಹಿಸಿಕೊಂಡು ನುಡಿಸಬೇಡಿ, ಇದನ್ನ ನಾನು ಎಷ್ಟು ಸಲ ಹೇಳಿದ್ರೂ ಸಾಲದು. ಸುಸ್ತು ಬೇರೆ ನೋವು ಬೇರೆ. ಬೆರಳು ಜುಮ್ ಅನ್ನೋದು, ಮಣಿಕಟ್ಟು ಚುಚ್ಚೋದು, ನಿಲ್ಲಿಸಿದ ಮೇಲೂ ಹೋಗದ ನೋವು, ಇದ್ಯಾವುದಾದ್ರೂ ಬಂದ್ರೆ ಅವತ್ತೇ ಟೀಚರ್‌ಗೆ ಹೇಳಿ, ಕಮ್ಮಿ ಆಗ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ. ಜರ್ಮನ್ ಸಂಯೋಜಕ ಶೂಮನ್ ಪಿಯಾನಿಸ್ಟ್ ಆಗಬೇಕು ಅಂತ ಹೊರಟು 1830ರ ದಶಕದ ಶುರುವಲ್ಲೇ ಬಲಗೈ ಬೆರಳಿನ ತೊಂದರೆಯಿಂದ ಅದನ್ನ ಬಿಡಬೇಕಾಯ್ತು. ಅಮೆರಿಕದ ಪಿಯಾನಿಸ್ಟ್ ಲಿಯಾನ್ ಫ್ಲೈಷರ್ 1960ರ ದಶಕದಲ್ಲಿ ಬಲಗೈ ಹತೋಟಿ ಕಳ್ಕೊಂಡು ದಶಕಗಳ ಕಾಲ ಎಡಗೈಗೆ ಬರೆದ ಕೃತಿಗಳನ್ನೇ ನುಡಿಸಿದ್ರು. ಹೆದರಿಸೋಕೆ ಹೇಳ್ತಿಲ್ಲ, ದೊಡ್ಡ ದೊಡ್ಡವರಿಗೂ ಆಗೋದು ಇದು, ನಾಚಿಕೆ ಪಟ್ಕೊಂಡು ಮುಚ್ಚಿಡೋ ವಿಷಯ ಅಲ್ಲ ಅಂತ.

ಕಿವೀದೂ ಅಷ್ಟೇ. 85 ಡೆಸಿಬೆಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಮಿತಿ ಅಂತ ಲೆಕ್ಕ, ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದ್ರೆ ಆ ಸಮಯ ಅರ್ಧ ಆಗತ್ತೆ. ಚಿಕ್ಕ ರೂಮಲ್ಲಿ ಜೋರಾಗಿ ನುಡಿಸುವಾಗ ವಯಲಿನ್ ನಿಮ್ಮ ಎಡಗಿವಿ ಪಕ್ಕದಲ್ಲೇ ಆ ಮಟ್ಟ ಆರಾಮಾಗಿ ದಾಟತ್ತೆ, ಆರ್ಕೆಸ್ಟ್ರಾದಲ್ಲಿ ಹಿತ್ತಾಳೆ ವಾದ್ಯಗಳ ಮುಂದೆ ಕೂತ್ರೆ ಕೇಳೋದೇ ಬೇಡ. ಸಂಗೀತಗಾರರಿಗೆ ಅಂತಾನೇ ಮಾಡಿರೋ ಇಯರ್‌ಪ್ಲಗ್ ಬರತ್ತೆ, ಸದ್ದನ್ನ ಮಂಕು ಮಾಡದೆ ಒಂದೇ ಸಮ ಇಳಿಸತ್ತೆ. ಮೊದಮೊದಲು ಕಿರಿಕಿರಿ, ಆಮೇಲೆ ಅಭ್ಯಾಸ ಆಗತ್ತೆ.

ಪಿಯಾನೋ ಅಕಂಪನಿಸ್ಟ್ (ನಿಮಗೆ ಪಿಯಾನೋ ಸಾಥ್ ಕೊಡೋರು) ಜೊತೆ ಚೆನ್ನಾಗಿ ನಡ್ಕೊಳ್ಳಿ. ಟರ್ಮ್ ಶುರುವಲ್ಲೇ ಸ್ಕೋರ್ ಕೊಟ್ಟುಬಿಡಿ, ನಿಮ್ಮ ಎಡಿಷನ್‌ದೇ ಕೊಡಿ, ಬಾರ್ ನಂಬರ್ ಇರಲಿ, ಅಂಚು ಕತ್ತರಿಸಿಹೋಗಿರೋ ಫೋಟೋಕಾಪಿ ಕೊಡಬೇಡಿ, ಅವರು ನಿಮ್ಮ ಹಾಗೆ ಎಷ್ಟೋ ಜನಕ್ಕೆ ನುಡಿಸ್ತಿರ್ತಾರೆ. ರಿಹರ್ಸಲ್‌ಗೆ ಹೋಗೋಕೆ ಮುಂಚೆ ಪಿಯಾನೋ ಭಾಗ ಓದ್ಕೊಂಡು ಹೋಗಿ, ನಿಮ್ಮ ಉದ್ದನೆ ಸ್ವರದ ಕೆಳಗೆ ಅವರು ಏನು ಮಾಡ್ತಿದಾರೆ ಅಂತ ಗೊತ್ತಿದ್ರೆ ಎಣಿಸೋ ಅಗತ್ಯಾನೇ ಇರಲ್ಲ.

ಜ್ಯೂರಿ ಪರೀಕ್ಷೆ (ಟೀಚರ್‌ಗಳ ತಂಡದ ಮುಂದೆ ನುಡಿಸೋ ಪರೀಕ್ಷೆ) ಬಗ್ಗೆ ಕೊನೇದಾಗಿ. ಅಲ್ಲಿ ನೀವು ನುಡಿಸೋದು ಒಂದೇ ಸಲ, ವಾರ್ಮಪ್ ಇಲ್ಲದ ಕೈಯಲ್ಲಿ, ಎದೆ ಹೊಡ್ಕೋತಿರುವಾಗ. ಪ್ರಾಕ್ಟೀಸ್ ರೂಮಲ್ಲಿ ಐದನೇ ಸಲಕ್ಕೆ ಚೆನ್ನಾಗಿ ಬಂತು ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ, ಹಾಗಾಗಿ ಆ ಮೊದಲನೇ ಸಲವನ್ನೇ ಪ್ರಾಕ್ಟೀಸ್ ಮಾಡ್ಬೇಕು. ನಾನು ಪರೀಕ್ಷೆಗೆ ಕೆಲವು ವಾರ ಮುಂಚಿನಿಂದ ಮೆಟ್ಟಿಲು ಜೋರಾಗಿ ಹತ್ತಿ ಇಳಿದು, ಏದುಸಿರು ಬಿಡ್ತಾ ರೂಮಿಗೆ ಬಂದು, ಫೋನ್ ರೆಕಾರ್ಡಿಂಗ್ ಆನ್ ಮಾಡಿ ಪೂರ್ತಿ ಪ್ರೋಗ್ರಾಂ ಒಂದೇ ಸಲ ನುಡಿಸ್ತಿದ್ದೆ, ಎಲ್ಲಿ ಜಾರಿದ್ರೂ ನಿಲ್ಲಿಸ್ತಿರಲಿಲ್ಲ. ರೆಕಾರ್ಡಿಂಗ್ ಅವತ್ತೇ ಕೇಳ್ತಿರಲಿಲ್ಲ, ಮಾರನೇ ದಿನ ಸ್ಕೋರ್, ಪೆನ್ಸಿಲ್ ಇಟ್ಕೊಂಡು ಕೇಳ್ತಿದ್ದೆ, ಆಗ ಮನಸ್ಸು ತಣ್ಣಗಿರತ್ತೆ, ಬೇರೆ ಯಾರೋ ನುಡಿಸಿದ್ದನ್ನ ಕೇಳ್ದಂಗೆ ಕೇಳಬಹುದು. ಗುರುತು ಹಾಕಿದ ಜಾಗಗಳೇ ಅವತ್ತಿನ ಪಾಠ.