ಚಿನ್ನದ ನಾಣ್ಯದ ಇಸವಿಯನ್ನು ನಾನು ಓದುವ ಬಗೆ

ಹಳೇ ಚಿನ್ನದ ನಾಣ್ಯ ಕಂಡ ಕೂಡಲೇ ಎಲ್ಲರೂ ಕೇಳುವುದು ಇಸವಿಯನ್ನೇ. ನಾನು ಅದನ್ನು ಕೊನೆಗೆ ಓದುತ್ತೇನೆ. ಯಾವ ದೊರೆಯದು, ಯಾವ ಟಂಕಸಾಲೆಯದು ಅನ್ನೋದು ಮೊದಲು ತಿಳಿಯಬೇಕು. ಯಾಕಂದ್ರೆ ವರ್ಷ ಎಣಿಸುವ ಕ್ರಮ ಒಬ್ಬೊಬ್ಬರದು ಒಂದೊಂದು. ವಿಜಯನಗರದ ವರಹಗಳಲ್ಲಂತೂ ಇಸವಿಯೇ ಇಲ್ಲ, ರಾಜನ ಹೆಸರೇ ಆಧಾರ.

ಈ ಅಭ್ಯಾಸ ನನಗೆ ಹತ್ತಿದ್ದು ಟಿಪ್ಪು ಸುಲ್ತಾನನ ನಾಣ್ಯಗಳಿಂದ. ಅವನ ಮೊದಲ ನಾಲ್ಕು ವರ್ಷದ ನಾಣ್ಯಗಳಲ್ಲಿ ಹಿಜರಿ, ಅಂದ್ರೆ ಇಸ್ಲಾಮಿ ಪಂಚಾಂಗದ ವರ್ಷ ಇದೆ, 1197ರಿಂದ 1200ರವರೆಗೆ. ಮರುವರ್ಷದ ನಾಣ್ಯ ನೋಡಿದರೆ 1215! ನಡುವೆ ಏನೂ ಕಳೆದುಹೋಗಿಲ್ಲ. 1787ರಲ್ಲಿ ಟಿಪ್ಪು ಹಿಜರಿ ಬಿಟ್ಟು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಲೆಕ್ಕ ಹಿಡಿದ. ಹಿಜರಿ ಬರೀ ಚಂದ್ರನ ಲೆಕ್ಕ, ಅದರ ವರ್ಷ ಸುಮಾರು 354 ದಿನ. ಮೌಲೂದಿ ನಮ್ಮ ಪಂಚಾಂಗದ ಹಾಗೆ ಸೂರ್ಯನನ್ನೂ ಜೊತೆಗಿಟ್ಟುಕೊಂಡು ಮಳೆ-ಬೆಳೆಯ ಕಾಲಕ್ಕೆ ಹೊಂದಿಕೊಂಡು ಹೋಗುತ್ತದೆ. ಅದಕ್ಕೆ 572 ಕೂಡಿದರೆ ನಮ್ಮ ಇಸವಿ ಸಿಗುತ್ತದೆ.

ಇನ್ನೊಂದು ವಿಶೇಷ ಇದೆ. ಈ ನಾಣ್ಯಗಳ ಮೇಲಿನ ಪಾರ್ಸಿ (ಪರ್ಷಿಯನ್) ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಎಡದಿಂದಲೇ ಓದುವುದು ವಾಡಿಕೆ. ಮೌಲೂದಿ ವರ್ಷಗಳಲ್ಲಿ ಟಿಪ್ಪು ಅಂಕಿಗಳನ್ನೂ ಬಲದಿಂದಲೇ ಬರೆಸಿದ. ಹಾಗಾಗಿ 1215ರ ನಾಣ್ಯದಲ್ಲಿ ಎಡದಿಂದ ಕಾಣುವುದು 5121. ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು, ಬೆಳಕು ಪಕ್ಕದಿಂದ ಬೀಳುವ ಹಾಗೆ ನಾಣ್ಯವನ್ನು ಓರೆ ಮಾಡಿದರೆ ಸವೆದ ಗೆರೆಯೂ ಎದ್ದು ಕಾಣುತ್ತದೆ. ಎಡತುದಿಯಲ್ಲಿ 5 ಅಥವಾ 6 ಕಂಡರೆ ಮೌಲೂದಿ ಅಂತ ಅಲ್ಲೇ ಗೊತ್ತಾಯಿತು.

ಪೇಚು ಬರುವುದು 1221ರಲ್ಲಿ. ಆ ಕಡೆಯಿಂದ ಓದಿದರೂ ಅದೇ, ಈ ಕಡೆಯಿಂದ ಓದಿದರೂ ಅದೇ. ಆಗ ಚರಿತ್ರೆಯನ್ನೇ ಕೇಳುತ್ತೇನೆ: ಹಿಜರಿ 1221 ಅಂದ್ರೆ 1806, ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಇದು 1793ರ ನಾಣ್ಯವೇ ಸರಿ. ಟಿಪ್ಪುವಿನ ಅಹ್ಮದಿ ಎಂಬ ಚಿನ್ನದ ಮೊಹರಿನಂಥ ದೊಡ್ಡ ನಾಣ್ಯದಲ್ಲಿ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಅನ್ನೋದೂ ಇರುತ್ತದೆ, ಅದನ್ನೂ ತಾಳೆ ನೋಡಬಹುದು. ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯದಲ್ಲಿ ಕಷ್ಟ ಜಾಸ್ತಿ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಒಂದೆರಡು ಅಂಕಿ ಆಚೆ ಬಿದ್ದಿರುತ್ತವೆ. ಉಳಿದ ಅಂಕಿಗೆ ಎಷ್ಟು ಹೇಳಲು ಸಾಧ್ಯವೋ ಅಷ್ಟನ್ನೇ ಬರೆದಿಡುತ್ತೇನೆ.

ಈಸ್ಟ್ ಇಂಡಿಯಾ ಕಂಪನಿಯ ಮೊಹರುಗಳದು ಬೇರೆಯೇ ಕತೆ. ರೂಪಾಯಿಯ ವರ್ಷ ಹಳೆಯದಾದರೆ ನಾಣ್ಯ ಬದಲಿಸಿಕೊಡುವ ಚಿನಿವಾರರು ವಟ್ಟ ಅಂತ ಅದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಅದನ್ನು ತಪ್ಪಿಸಲು ಕಂಪನಿ ಬಂಗಾಳದ ನಾಣ್ಯಗಳ ಮೇಲೆ ಮೊಗಲ್ ಬಾದಶಹ ಷಾ ಆಲಮನ ಆಳ್ವಿಕೆಯ 19ನೇ ವರ್ಷವನ್ನೇ ಖಾಯಂ ಮಾಡಿ, ದಶಕಗಳ ಕಾಲ ಹಾಗೇ ಟಂಕಿಸಿತು. ಚಿನ್ನದ ಮೊಹರಿಗೂ ಅದೇ 19. ಇವುಗಳಲ್ಲಿ ನಾನು ಅಂಕಿ ನಂಬುವುದಿಲ್ಲ, ಅಂಚು ನೋಡುತ್ತೇನೆ. ಅಂಚಿನ ಗೀರುಗಳು ಓರೆಯಾಗಿದ್ದರೆ ಮೊದಲಿನವು, ನೇರವಾಗಿದ್ದರೆ ಆಮೇಲಿನವು.