ಪಂಪ್ ಬದಲಿಸುವ ಮೊದಲು ವೈರ್ ಅಳೆಯಿರಿ

ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆ. ನನ್ನದು ಹಳೆಯ ಟರ್ಬೊ ಪೆಟ್ರೋಲ್ ಕಾರು. ಎರಡನೇ ಗೇರ್, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೆ. ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ) ಏರುತ್ತಿದ್ದಂತೆ ಕಾರು ಎರಡು ಸಲ ಜಗ್ಗಿತು. ಕಾಲು ಸಡಿಲಿಸಿದರೆ ಸರಿ, ಮತ್ತೆ ಒತ್ತಿದರೆ ಅದೇ ಜಗ್ಗಾಟ. ಉಡುಪಿಗೆ ಬಂದು ತೋರಿಸಿದೆ. ಫ್ಯುಯೆಲ್ ಪಂಪ್ ಹೋಗಿದೆ ಅಂದರು. ಹೊಸದು ಹಾಕಿಸಿದೆ. ಮುಂದಿನ ವಾರ ಅದೇ ಘಾಟಿಯಲ್ಲಿ ಅದೇ ಕತೆ.

ಕೊನೆಗೆ ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಹಿಂದಿನ ಸೀಟ್ ಎತ್ತಿ ಮಲ್ಟಿಮೀಟರ್ ಹಿಡಿದರು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್. ಪಂಪಿನ ಕನೆಕ್ಟರಿನಲ್ಲಿ ಬರೀ 11.6. "ಪಂಪ್ ಎಂತ ಮಾಡುದು ಮಾರಾಯ್ರೆ, ಅದಕ್ಕೆ ಕರೆಂಟೇ ಸಿಗುದಿಲ್ಲ" ಅಂದರು. ಎರಡೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಅದರಲ್ಲಿ 1.1 ವೋಲ್ಟ್ ಪ್ಲಸ್ ವೈರಿನಲ್ಲಿ. ಉಳಿದ 1.4 ವೋಲ್ಟ್ ಅರ್ತಿನಲ್ಲಿ, ಅಂದರೆ ಕರೆಂಟ್ ಕಾರಿನ ತಗಡಿನ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿಯಲ್ಲಿ. ಪ್ಲಸ್ ಕಡೆಯನ್ನು ಎಲ್ಲರೂ ನೋಡುತ್ತಾರೆ, ಅರ್ತ್ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ನಮ್ಮ ಕರಾವಳಿಯಲ್ಲಂತೂ ಮೊದಲು ನೋಡಬೇಕಾದದ್ದು ಅದನ್ನೇ.

ವೋಲ್ಟ್ ಕಡಿಮೆಯಾದರೆ ಏನಾಗುತ್ತದೆ?

ಟ್ಯಾಂಕಿನೊಳಗಿನ ಪಂಪ್ ಒಂದು ಸಣ್ಣ ಡಿಸಿ ಮೋಟರ್. ವೋಲ್ಟೇಜ್ ಇಳಿದರೆ ಅದರ ವೇಗ ಇಳಿಯುತ್ತದೆ. ಗಂಟೆಗೆ 255 ಲೀಟರ್ ಎಂದು ಹೆಸರಾದ ವಾಲ್‌ಬ್ರೊ ಪಂಪಿನ ಲೆಕ್ಕವೂ 13.5 ವೋಲ್ಟ್ ಸಿಕ್ಕಾಗಿನದು. 12 ವೋಲ್ಟಿಗೆ ಇಳಿದರೆ ಹೆಚ್ಚುಕಡಿಮೆ ಐದನೇ ಒಂದು ಪಾಲು ಹರಿವು ಹೋಗುತ್ತದೆ. ವೋಲ್ಟೇಜ್ ಇಳಿದದ್ದಕ್ಕಿಂತ ಹರಿವು ಜಾಸ್ತಿ ಇಳಿಯಲು ಕಾರಣ ಉಂಟು. ಪಂಪ್ ಸುಮ್ನೆ ಪೆಟ್ರೋಲ್ ಸುರಿಯುವುದಿಲ್ಲ, ಎದುರಿನ ಒತ್ತಡವನ್ನು ತಳ್ಳಿಕೊಂಡು ಹೋಗಬೇಕು. ಹಲವು ಟರ್ಬೊ ಕಾರುಗಳಲ್ಲಿ ಸಾಮಾನ್ಯ ಒತ್ತಡ 3 ಬಾರ್. 1 ಬಾರ್ ಬೂಸ್ಟ್ ಬಂದರೆ ರೆಗ್ಯುಲೇಟರ್ (ಪೆಟ್ರೋಲ್ ಒತ್ತಡ ನಿಯಂತ್ರಿಸುವ ಭಾಗ) ಅದನ್ನು 4 ಬಾರ್ ಮಾಡುತ್ತದೆ. ಒತ್ತಡ ಏರಿದರೆ ಮೋಟರ್ ಎಳೆಯುವ ಆಂಪ್ಸ್ ಏರುತ್ತದೆ. ಆಂಪ್ಸ್ ಏರಿದರೆ ಹಳೆಯ ವೈರಿನಲ್ಲಿ ಕಳೆದುಹೋಗುವ ವೋಲ್ಟೇಜೂ ಏರುತ್ತದೆ. ಎಂಜಿನ್ನಿಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಹೊತ್ತಿನಲ್ಲೇ ಪಂಪ್ ಸೊರಗುತ್ತದೆ.

ಆಗ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಎಂಜಿನ್ ನಾಕ್ ಆಗುತ್ತದೆ (ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ), ಪಿಸ್ಟನ್ ಕರಗಿದರೂ ಆಶ್ಚರ್ಯವಿಲ್ಲ. ಜೂನ್ ತಿಂಗಳ ರಾತ್ರಿ ಹೆದ್ದಾರಿ 66ರಲ್ಲಿ ವೈಪರ್, ಹೆಡ್‌ಲೈಟ್, ಎಸಿ ಎಲ್ಲ ಹಾಕಿಕೊಂಡು ಓಡಿಸುವಾಗ ಇದು ಇನ್ನಷ್ಟು ಬಿಗಡಾಯಿಸುತ್ತದೆ. ಬಂಕಿನಲ್ಲಿ ಈಗ ಸಿಗುವ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲನ್ನೂ ಲೆಕ್ಕಕ್ಕೆ ಹಿಡಿಯಿರಿ. 1 ಕೆ.ಜಿ. ಶುದ್ಧ ಪೆಟ್ರೋಲ್ ಉರಿಯಲು 14.7 ಕೆ.ಜಿ. ಗಾಳಿ ಬೇಕು. ಇ20ಗೆ ಸುಮಾರು 13.5 ಕೆ.ಜಿ. ಸಾಕು. ಅಂದರೆ ಅಷ್ಟೇ ಗಾಳಿಗೆ ಪಂಪ್ ಈಗ ಜಾಸ್ತಿ ಪೆಟ್ರೋಲ್ ಕೊಡಬೇಕು.

ಮೊದಲು ಅಳತೆ

ಸೀಟ್ ಎತ್ತಿದ ಕೂಡಲೇ ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಸೋರುವುದನ್ನು ಮೊದಲು ಸರಿಮಾಡಿ. ವಾಸನೆ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿ, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಪಂಪ್ ಕನೆಕ್ಟರಿನ ಪ್ಲಸ್ ಪಿನ್ನಿಗೆ. ಕನೆಕ್ಟರ್ ಬಿಚ್ಚಬೇಡಿ, ಹಿಂಬದಿಯಿಂದ ಪಿನ್ ಮುಟ್ಟಿಸಿ. ಮೀಟರ್ ತೋರಿಸುವುದು ಪ್ಲಸ್ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಹಾಗೆಯೇ ಬ್ಯಾಟರಿಯ ಮೈನಸ್ಸಿಗೂ ಪಂಪಿನ ಮೈನಸ್ ಪಿನ್ನಿಗೂ ಹಿಡಿಯಿರಿ, ಅದು ಅರ್ತಿನಲ್ಲಿ ಕಳೆದದ್ದು. ಬಾನೆಟ್ಟಿನಿಂದ ಹಿಂದಿನ ಸೀಟಿಗೆ ಮೀಟರಿನ ವೈರ್ ಎಟಕುವುದಿಲ್ಲ, ಅಲ್ವಾ? ಐದಾರು ಮೀಟರ್ ಉದ್ದದ ಯಾವುದೇ ತೆಳು ವೈರ್ ಸೇರಿಸಿಕೊಳ್ಳಿ. ಅದರಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಲೆಕ್ಕ ತಪ್ಪುವುದಿಲ್ಲ.

ಎರಡೂ ಕಡೆ ಸೇರಿ ಅರ್ಧ ವೋಲ್ಟಿನೊಳಗೆ ಇದ್ದರೆ ನಿಮ್ಮ ವೈರಿಂಗ್ ಚೆನ್ನಾಗಿದೆ, ತೊಂದರೆ ಬೇರೆ ಕಡೆ ಹುಡುಕಿ. ಒಂದು ವೋಲ್ಟ್ ದಾಟಿದರೆ ಮುಂದಿನ ಕೆಲಸ ಮಾಡುವುದು ಒಳ್ಳೆಯದು: ಬ್ಯಾಟರಿಯಿಂದ ಪಂಪಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್) ಮೂಲಕ ದಪ್ಪ ವೈರ್ ಎಳೆಯುವುದು, ಅರ್ತನ್ನೂ ಹೊಸದು ಮಾಡುವುದು.

ಒಂದು ಎಚ್ಚರಿಕೆ. ಈಚಿನ ಹಲವು ಕಾರುಗಳಲ್ಲಿ ಪಂಪಿನ ವೇಗವನ್ನು ಬೇರೊಂದು ಕಂಟ್ರೋಲ್ ಮಾಡ್ಯೂಲ್ ಏರಿಸಿ ಇಳಿಸುತ್ತದೆ. ಅಂಥ ಕಾರಿಗೆ ಈ ರಿಲೇ ಹೊಂದುವುದಿಲ್ಲ. ಪಂಪಿಗೆ ಎರಡು ದಪ್ಪ ವೈರ್ ಹೋಗಿ, ಮಾಮೂಲಿ ರಿಲೇಯಿಂದ ಓಡುವ ಹಳೆಯ ಕಾರುಗಳಿಗೆ ಮಾತ್ರ ಈ ಕ್ರಮ.

ಸಾಮಾನು

ವೈರ್ ವಿಷಯದಲ್ಲಿ ಕಂಜೂಸುತನ ಬೇಡ. 1 ಚದರ ಮಿ.ಮೀ. ತಾಮ್ರದ ವೈರ್ 5 ಮೀಟರ್ ಓಡಿ 10 ಆಂಪ್ಸ್ ಹೊತ್ತರೆ ಸುಮಾರು 0.9 ವೋಲ್ಟ್ ಕಳೆಯುತ್ತದೆ. 2.5 ಚದರ ಮಿ.ಮೀ. ಆದರೆ 0.36 ವೋಲ್ಟ್. 4 ಚದರ ಮಿ.ಮೀ. ಆದರೆ 0.22. ನಾನು 4 ಹಾಕಿದೆ. ದೊಡ್ಡ ಪಂಪ್ ಇರುವವರಿಗೆ ಅದನ್ನೇ ಹೇಳುತ್ತೇನೆ.

ಆಂಪ್ಲಿಫೈಯರ್ ಕಿಟ್ ಎಂದು ಅಗ್ಗಕ್ಕೆ ಸಿಗುವ ವೈರ್ ಎಷ್ಟೋ ಸಲ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಇದಕ್ಕೆ ಉಲ್ಟಾ, ದೋಣಿ ಕೆಲಸಕ್ಕೆಂದು ಮಾಡುವ ವೈರ್ ಹೊರಗೆ ಬೆಳ್ಳಗೆ, ಕೆರೆದರೆ ಒಳಗೆ ತಾಮ್ರ. ಅದು ತವರ ಹಚ್ಚಿದ ತಾಮ್ರ. ಉಪ್ಪು ಗಾಳಿಗೆ ಬೇಗ ಕಿಲುಬು ಹಿಡಿಯುವುದಿಲ್ಲ. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯ ಹತ್ತಿರವೋ ಕೇಳಿ ನೋಡಿ, ಸಿಕ್ಕರೆ ಬಿಡಬೇಡಿ.

ಇದಲ್ಲದೆ 40 ಆಂಪ್ಸಿನ ನಾಲ್ಕು ಕಾಲಿನ ರಿಲೇ, ಸಾಕೆಟ್, ಮುಚ್ಚಳವಿರುವ ಫ್ಯೂಸ್ ಹೋಲ್ಡರ್, 20 ಆಂಪ್ಸ್ ಫ್ಯೂಸ್ (ಪಂಪ್ ಸಣ್ಣದಾದರೆ 15), ವೈರಿನ ತುದಿಗೆ ಒತ್ತಿ ಕೂರಿಸುವ ತಾಮ್ರದ ಲಗ್‌ಗಳು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್, ವೈರ್ ಮುಚ್ಚುವ ಸುರುಳಿ ಪೈಪ್, ರಬ್ಬರ್ ಬುಶ್ ಬೇಕು. ಲಗ್ ಒತ್ತಲು ಸರಿಯಾದ ಕ್ರಿಂಪಿಂಗ್ ಟೂಲ್ ಎರವಲಾದರೂ ತನ್ನಿ. ಕಟ್ಟಿಂಗ್ ಪ್ಲಯರಿನಲ್ಲಿ ಜಜ್ಜಿದ ಲಗ್ ಆರು ತಿಂಗಳಿಗೆ ಸಡಿಲವಾಗುತ್ತದೆ.

ಕೆಲಸ ಶುರು

ಕಾರನ್ನು ಬಯಲಲ್ಲಿ ನಿಲ್ಲಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಿದ ಶೆಡ್ಡಿನಲ್ಲಿ ಅದು ನೆಲದಲ್ಲೇ ನಿಂತಿರುತ್ತದೆ, ಒಂದು ಕಿಡಿ ಸಾಕು. ಬೆಂಕಿ ನಂದಿಸುವ ಪೌಡರ್ ಸಿಲಿಂಡರ್ ಕೈಗೆಟಕುವಂತಿರಲಿ. ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ. ಏರ್‌ಬ್ಯಾಗ್ ಇರುವ ಕಾರಾದರೆ ಹತ್ತು ನಿಮಿಷ ಕಾದು ಮತ್ತೆ ಕೈಹಾಕಿ, ಹಳದಿ ಕವಚದ ವೈರುಗಳ ತಂಟೆಗೆ ಹೋಗಬೇಡಿ.

ಹೊಸ ಪ್ಲಸ್ ವೈರ್ ಬ್ಯಾಟರಿಯಿಂದ ಹೊರಡಲಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸಿಗೆ ಮೊದಲಿನ ತುಂಡು ಎಲ್ಲಾದರೂ ತಗಡಿಗೆ ತಾಗಿದರೆ ಅದನ್ನು ಕಾಯುವವರು ಯಾರೂ ಇಲ್ಲ, ಅದಕ್ಕೇ ಆ ತುಂಡು ಚಿಕ್ಕದಿರಬೇಕು. ಎಂಜಿನ್ ಹಿಂದಿನ ಗೋಡೆ ದಾಟುವಲ್ಲಿ ರಬ್ಬರ್ ಬುಶ್ ಹಾಕಿ. ಅಲ್ಲಿಂದ ಬಾಗಿಲ ಕೆಳಗಿನ ಪಟ್ಟಿ ತೆಗೆದು, ಕಾರ್ಪೆಟ್ ಅಡಿಯಲ್ಲಿ ಕಂಪನಿಯ ವೈರ್ ಹೋದ ದಾರಿಯಲ್ಲೇ ಹಿಂದಕ್ಕೆ ತನ್ನಿ. ಸೀಟಿನ ಬೋಲ್ಟ್ ಅಡಿಗೆ ಸಿಕ್ಕಿ ಅರೆಯದಂತೆ ನೋಡಿ. ಕಾರಿನ ಅಡಿಯಿಂದ ಒಯ್ಯುವವರೂ ಇದ್ದಾರೆ. ಸೈಲೆನ್ಸರ್ ಬಿಸಿ, ಕೆಸರು, ನಮ್ಮ ಮಳೆ ಮೂರನ್ನೂ ನೆನೆದು ನಾನು ಅದನ್ನು ಬೇಡ ಅನ್ನುತ್ತೇನೆ.

ರಿಲೇಯನ್ನು ಹಿಂದೆ, ಡಿಕ್ಕಿಯ ಪಕ್ಕದ ಒಣ ಜಾಗದಲ್ಲಿ ಕೂರಿಸಿ. ಕಾಲುಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ. 30 ಎಂದು ಬರೆದ ಕಾಲಿಗೆ ಹೊಸ ಪ್ಲಸ್. 87ರಿಂದ ಪಂಪಿಗೆ. ಪಂಪಿಗೆ ಮೊದಲಿನಿಂದ ಬರುತ್ತಿದ್ದ ಕಂಪನಿಯ ಪ್ಲಸ್ ವೈರ್ ಈಗ 86ಕ್ಕೆ, 85 ಅರ್ತಿಗೆ. ಇನ್ನು ಮುಂದೆ ಹಳೆಯ ತೆಳು ವೈರ್ ರಿಲೇಯ ಕಾಯಿಲಿಗೆ ಬೇಕಾದ 0.15ರಿಂದ 0.2 ಆಂಪ್ಸ್ ಹೊತ್ತರೆ ಸಾಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸುಲಭ ಅಂತ 86ನ್ನು ನೇರ ಕೀ ಸ್ವಿಚ್ಚಿಗೆ ಕೊಡಬೇಡಿ. ಎಂಜಿನ್ ನಿಂತರೆ ಪಂಪನ್ನೂ ನಿಲ್ಲಿಸುವುದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೆಲಸ. ಅಪಘಾತವಾಗಿ ಪೆಟ್ರೋಲ್ ಪೈಪ್ ತುಂಡಾಗಿದೆ, ಎಂಜಿನ್ ನಿಂತಿದೆ, ಕೀ ಮಾತ್ರ ಆನ್ ಇದೆ ಅಂದುಕೊಳ್ಳಿ. ನೇರ ವೈರಿಂಗ್ ಮಾಡಿದ ಪಂಪ್ ಆಗಲೂ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ.

ಕಂಪನಿಯ ಕನೆಕ್ಟರನ್ನು ಕತ್ತರಿಸುವುದೂ ನನಗೆ ಇಷ್ಟವಿಲ್ಲ. ಗುಜರಿಯಲ್ಲಿ ಅದೇ ಕಾರಿನ ಗಂಡು, ಹೆಣ್ಣು ಕನೆಕ್ಟರ್ ಸಿಗುತ್ತವೆ. ಅವುಗಳಿಂದ ನಡುವೆ ಸೇರಿಸುವ ತುಂಡೊಂದನ್ನು ಮಾಡಿಕೊಂಡರೆ ಬೇಕಾದಾಗ ಮೊದಲಿನಂತೆ ಜೋಡಿಸಬಹುದು. ಪಿನ್ ಕಂದಾಗಿದ್ದರೆ ಅಥವಾ ಪ್ಲಾಸ್ಟಿಕ್ ಕರಗಿದ್ದರೆ ಹೊಸದೇ ಹಾಕಿ. ಟ್ಯಾಂಕಿನ ಒಳಗಿನ ವೈರ್ ಬದಲಿಸಬೇಕಾದರೆ ಪೆಟ್ರೋಲ್ ತಡೆಯುವ ಟೆಫ್ಲಾನ್ ಕವಚದ ವೈರೇ ಆಗಬೇಕು. ಸಾಧಾರಣ ಪಿವಿಸಿ ಗಟ್ಟಿಯಾಗಿ ಬಿರಿಯುತ್ತದೆ, ಟೇಪಿನ ಅಂಟು ಕರಗಿ ಫಿಲ್ಟರಿಗೆ ಸೇರುತ್ತದೆ. ಟ್ಯಾಂಕ್ ತೆರೆಯುವ ಕೆಲಸ ಗೊತ್ತಿದ್ದವರಿಗೇ ಬಿಡಿ.

ಅರ್ತ್, ನಿಧಾನವಾಗಿ

ಕಬ್ಬಿಣದ ಗೇಟಿಗೆ ಎರಡು ಮಳೆಗಾಲದಲ್ಲಿ ತುಕ್ಕು ಬರುವ ಊರು ನಮ್ಮದು. ಕಾರಿನ ತಗಡಿಗೆ ಒಂದು ಸಣ್ಣ ಸ್ಕ್ರೂನಲ್ಲಿ ಬಿಗಿದ ಅರ್ತ್ ಇಪ್ಪತ್ತು ವರ್ಷ ಹಾಗೇ ಇರಲು ಸಾಧ್ಯವೇ? ನನ್ನ ಕಾರಿನಲ್ಲಿ ಆ ಸ್ಕ್ರೂ ತೆಗೆದಾಗ ಲಗ್ಗಿನ ಅಡಿಯಲ್ಲಿ ತುಕ್ಕಿನ ಪುಡಿ ಇತ್ತು. ವೈರಿನ ಕವಚ ಒಂದಿಂಚು ಸುಲಿದರೆ ತಾಮ್ರ ಕಪ್ಪಾಗಿ, ಅಲ್ಲಲ್ಲಿ ಹಸಿರು ಕಿಲುಬು. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸುತ್ತ ಹೋದೆ, ಒಂದು ಮೊಳ ಹೋಯಿತು.

ಹೊಸ ಅರ್ತ್ ವೈರ್ ಪ್ಲಸ್ಸಿನಷ್ಟೇ ದಪ್ಪವಿರಲಿ. ಪಂಪಿಗೆ ಹೋದ ಕರೆಂಟ್ ಅಷ್ಟೂ ಇದರಲ್ಲೇ ವಾಪಸ್ ಬರಬೇಕು. ಪಂಪಿನ ಹತ್ತಿರ ದಪ್ಪ ತಗಡಿನ ಒಂದು ಜಾಗ ಆರಿಸಿ. ಸೀಟ್ ಬೆಲ್ಟ್ ಬೋಲ್ಟ್ ಮಾತ್ರ ಮುಟ್ಟಬೇಡಿ. ತೂತು ಹೊಡೆಯಬೇಕಾದರೆ ಅದರ ಹಿಂದೆ ಟ್ಯಾಂಕ್ ಇಲ್ಲ ಎಂದು ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಲಗ್ ಕೂರುವಷ್ಟು ಜಾಗದ ಪೇಂಟನ್ನು ಎಮರಿ ಪೇಪರಿನಲ್ಲಿ ತಿಕ್ಕಿ, ತಗಡು ಹೊಳೆಯಬೇಕು. ಲಗ್, ಹಲ್ಲು ವಾಷರ್, ನಟ್ ಹಾಕಿ ಗಟ್ಟಿ ಬಿಗಿಯಿರಿ. ಬಿಗಿದ ಮೇಲೆ ಸುತ್ತಲೂ ಪ್ರೈಮರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಮೊದಲೇ ಪ್ರೈಮರ್ ಬಳಿದು ಆಮೇಲೆ ಲಗ್ ಕೂರಿಸಿದರೆ ಕರೆಂಟಿಗೆ ದಾರಿಯೇ ಇರುವುದಿಲ್ಲ.

ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಸೆಂಡರ್ ಕೂಡ ಎಷ್ಟೋ ಕಾರುಗಳಲ್ಲಿ ಅದೇ ಕನೆಕ್ಟರಿನಲ್ಲಿ ಇರುತ್ತದೆ. ಅದರ ಅರ್ತನ್ನು ಹಳೆಯ ವೈರಿನಲ್ಲೇ ಬಿಡಿ, ಪಂಪಿನದ್ದನ್ನು ಮಾತ್ರ ಬೇರೆ ಮಾಡಿ. ಎರಡನ್ನೂ ಗೊಂದಲ ಮಾಡಿದರೆ ಮೀಟರ್ ಮುಳ್ಳು ಸುಳ್ಳು ಹೇಳುತ್ತದೆ.

ಕೊನೆಗೆ ಬಾನೆಟ್ಟಿನೊಳಗೆ ಬನ್ನಿ. ಬ್ಯಾಟರಿ ಮೈನಸ್ಸಿನಿಂದ ಕಾರಿನ ತಗಡಿಗೆ, ಎಂಜಿನ್ನಿನಿಂದ ತಗಡಿಗೆ ಹೋಗುವ ಎರಡು ಪಟ್ಟಿಗಳನ್ನೂ ಬಿಚ್ಚಿ ಇದೇ ರೀತಿ ತಿಕ್ಕಿ ಬಿಗಿಯಿರಿ. ಹಿಂದೆ ಎಷ್ಟು ಚೆಂದದ ಅರ್ತ್ ಕೊಟ್ಟರೂ ಮುಂದಿನ ಪಟ್ಟಿ ಕೊಳೆತಿದ್ದರೆ ಪ್ರಯೋಜನವಿಲ್ಲ.

ಪರೀಕ್ಷೆ

ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ರಿಲೇ ಟಕ್ ಅನ್ನಬೇಕು, ಪಂಪ್ ಎರಡು ಸೆಕೆಂಡ್ ಗುಂಯ್‌ಗುಟ್ಟಿ ತಾನೇ ನಿಲ್ಲಬೇಕು. ಕೆಲವು ಕಾರುಗಳಲ್ಲಿ ಸೆಲ್ಫ್ ಹೊಡೆದಾಗ ಮಾತ್ರ ಶುರುವಾಗುತ್ತದೆ, ಅದೂ ಸರಿಯೇ. ನಿಲ್ಲದೆ ಓಡುತ್ತಲೇ ಇದ್ದರೆ 86ರ ವೈರ್ ತಪ್ಪು ಜಾಗದಿಂದ ಬಂದಿದೆ.

ಆಮೇಲೆ ಸ್ಟಾರ್ಟ್ ಮಾಡಿ ಮತ್ತೆ ಅಳೆಯಿರಿ. ನನ್ನ ಕಾರಿನಲ್ಲಿ 11.6 ಇದ್ದದ್ದು 13.7 ಆಯಿತು. ಇಪ್ಪತ್ತು ನಿಮಿಷ ಓಡಿಸಿ ಬಂದು ಪ್ರತಿ ಲಗ್, ರಿಲೇ, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದ ಜಾಗದಲ್ಲಿ ಕ್ರಿಂಪ್ ಸರಿಯಾಗಿಲ್ಲ, ಕತ್ತರಿಸಿ ಹೊಸದು ಹಾಕಿ.

ಪಂಪಿಗೆ ಪೂರ್ತಿ ವೋಲ್ಟೇಜ್ ಸಿಕ್ಕ ಮೇಲೆ ಪೆಟ್ರೋಲ್ ಜಾಸ್ತಿ ಬರುತ್ತದೆ. ದೊಡ್ಡ ಪಂಪ್ ಇದ್ದರೆ ಹಳೆಯ ರೆಗ್ಯುಲೇಟರಿಗೆ ಅಷ್ಟನ್ನೂ ವಾಪಸ್ ಕಳಿಸಲು ಆಗದೆ ಐಡ್ಲಿಂಗಿನಲ್ಲಿ ಒತ್ತಡ ಏರಬಹುದು. ಗೇಜ್ ಹಾಕಿ ನೋಡಿ. ಟ್ಯೂನ್ ಮಾಡಿಸಿದ ಕಾರಾದರೆ ಅದು ಹಸಿದ ಪಂಪಿಗೆ ಹೊಂದಿಸಿದ ಟ್ಯೂನ್, ಗಾಳಿ–ಪೆಟ್ರೋಲ್ ಪ್ರಮಾಣವನ್ನು ಇನ್ನೊಮ್ಮೆ ಪರೀಕ್ಷಿಸಲೇಬೇಕು.

ಆ ಅರ್ತ್ ನಟ್ಟನ್ನು ನಾನು ಈಗ ವರ್ಷಕ್ಕೆ ಎರಡು ಸಲ ನೋಡುತ್ತೇನೆ, ಮೇ ಕೊನೆಗೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ. ಸೀಟ್ ಎತ್ತಿ ಮೀಟರ್ ಹಿಡಿಯಲು ಕಾಲು ಗಂಟೆ ಸಾಕು. ಕಳೆದ ಸಲ ಅರ್ತಿನಲ್ಲಿ 0.1 ವೋಲ್ಟ್ ಇತ್ತು.