ಕೆಂಟಕಿ ಟೀಮಿಗೆ ನಾನ್ ಹಾಕಿದ ಮಾರ್ಕ್ಸು

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ಗೆ ಬಂದ್ಮೇಲೆ ಗೊತ್ತಾಯ್ತು, ಇಲ್ಲಿ ಕಾಲೇಜ್ ಬಾಸ್ಕೆಟ್‌ಬಾಲ್ ಅಂದ್ರೆ ಊರ ಜಾತ್ರೆ ಇದ್ದಂಗೆ, ಕಟಿಂಗ್ ಶಾಪಲ್ಲೂ ಅದೇ ಮಾತು. ಮೈಸೂರಿನ ಸಿಮೆಂಟ್ ಕೋರ್ಟಲ್ಲಿ ಮಂಡಿ ತರಚ್ಕೊಂಡು ಆಡಿದವ್ನು ನಾನು, ಹಳೇ ಚಟ ಮತ್ತೆ ಹತ್ಕೊಳ್ತು.

2024ರ ಮಾರ್ಚಲ್ಲಿ ಇಲ್ಲಿನ ಕೆಂಟಕಿ ಯೂನಿವರ್ಸಿಟಿ ಟೀಮು ಎನ್‌ಸಿಎಎ ಅನ್ನೋ ದೇಶಮಟ್ಟದ ಕಾಲೇಜ್ ಟೂರ್ನಮೆಂಟಿನ ಮೊದಲ ರೌಂಡಲ್ಲೇ ಓಕ್ಲಂಡ್ ಅನ್ನೋ ಸಣ್ಣ ಟೀಮ್ ಕೈಲಿ 80-76 ಸೋತು ಮನೆಗೆ ಬಂತು, ಆ ಕಡೆ ಜ್ಯಾಕ್ ಗೋಲ್ಕಿ ಒಬ್ನೇ ಹತ್ತು ತ್ರೀ (ದೂರದಿಂದ ಎಸೆಯೋ ಮೂರು ಪಾಯಿಂಟಿನ ಬಾಸ್ಕೆಟ್) ಹಾಕಿದ್ದ. 2009ರಿಂದ ಇದ್ದ ಕೋಚ್ ಕ್ಯಾಲಿಪರಿ ಏಪ್ರಿಲಲ್ಲಿ ಅರ್ಕನ್ಸಾಗೆ ಹೋದ್ರು, ಹೊಸಬ್ರು ಮಾರ್ಕ್ ಪೋಪ್ ಬಂದ್ರು, ಸ್ಕಾಲರ್‌ಶಿಪ್ ಹುಡುಗ್ರಲ್ಲಿ ಒಬ್ನೂ ಉಳೀಲಿಲ್ಲ. ಖಾಲಿ ಸ್ಲೇಟು. ಸರಿ, ಹೊಸ ಟೀಮಲ್ಲಿ ಒಬ್ಬೊಬ್ರಿಗೂ ಹತ್ತಕ್ಕೆ ಮಾರ್ಕ್ಸ್ ಹಾಕೋಣ ಅಂತ ಎಕ್ಸೆಲ್ ತೆಗೆದೆ.

ಮೊದ್ಲು ಕೋಚ್. ಪೋಪ್ 1996ರಲ್ಲಿ ಇದೇ ಕೆಂಟಕಿ ಚಾಂಪಿಯನ್ ಆದಾಗ ಕ್ಯಾಪ್ಟನ್, ಆದ್ರೆ ಹೆಡ್ ಕೋಚ್ ಆಗಿ ಎನ್‌ಸಿಎಎ ಟೂರ್ನಮೆಂಟಲ್ಲಿ ಆಡಿದ ಎರಡರಲ್ಲಿ ಗೆದ್ದಿದ್ದು ಸೊನ್ನೆ ಮ್ಯಾಚು. ನಾನ್ ಆ ಸೊನ್ನೆ ನೋಡಿ ಹತ್ತಕ್ಕೆ ನಾಲ್ಕು ಕೊಟ್ಟು ಮುಗಿಸ್ದೆ. ಬುದ್ಧಿ ಇಲ್ದೆ ಮಾಡಿದ ಕೆಲ್ಸ ಅದು, ಎರಡು ಮ್ಯಾಚ್ ಸೋಲಿಗಿಂತ ಹಿಂದಿನ ಕಾಲೇಜು ಬಿವೈಯುಲಿ ಅವ್ರು ಹುಡುಗ್ರನ್ನ ಹೆಂಗೆ ಆಡಿಸ್ತಿದ್ರು ಅಂತ ಮೊದ್ಲು ನೋಡ್ಬೇಕಿತ್ತು.

ಆಟಗಾರರ ವಿಷ್ಯದಲ್ಲಿ ಸ್ವಲ್ಪ ಹುಷಾರಾಗಿದ್ದೆ. ಬಂದೋರಲ್ಲಿ ಮುಕ್ಕಾಲು ಪಾಲು ಬೇರೆ ಕಾಲೇಜಿಂದ ಟ್ರಾನ್ಸ್‌ಫರ್ ಆದೋರು, ಅವ್ರಲ್ಲೂ ಹೆಚ್ಚಿನೋರು ಸೀನಿಯರ್‌ಗಳು, ಅಂಥೋರಿಗೆ ಹೈಸ್ಕೂಲಲ್ಲಿ ಸಿಕ್ಕಿದ್ದ ಸ್ಟಾರ್ ರೇಟಿಂಗ್ ಎಸ್ಸೆಲ್ಸಿ ಮಾರ್ಕ್ಸ್ ಇದ್ದಂಗೆ, ಈಗ ಯಾರ್ ಕೇಳ್ತಾರೆ. ತ್ರೀ ಪಾಯಿಂಟಲ್ಲಿ ಬರೀ ಪರ್ಸೆಂಟೇಜ್ ನೋಡ್ಬಾರ್ದು, ಎಷ್ಟು ಸಲ ಎಸ್ದಿದಾನೆ ಅದನ್ನೂ ನೋಡ್ಬೇಕು, ಜೊತೆಗೆ ಫ್ರೀ ಥ್ರೋ (ಫೌಲ್ ಆದಾಗ ಯಾರೂ ಅಡ್ಡ ಬರದೆ ಎಸೆಯೋದು), ಯಾಕಂದ್ರೆ ಅಲ್ಲಿ ಕೈ ಚೆನ್ನಾಗಿದ್ರೆ ಮುಂದೆ ತ್ರೀನೂ ಬೀಳೋ ಚಾನ್ಸ್ ಜಾಸ್ತಿ. ಡೇಟನ್‌ನಿಂದ ಬಂದ ಕೋಬಿ ಬ್ರೇ ಹಿಂದಿನ ಸೀಸನಲ್ಲಿ 49.8 ಪರ್ಸೆಂಟ್, ಇಡೀ ದೇಶಕ್ಕೇ ಮೊದಲು, ಅದೂ ಇನ್ನೂರರ ಹತ್ರ ಎಸೆದು. ಅವ್ನಿಗೆ ಕಣ್ಮುಚ್ಚಿ ಒಂಬತ್ತು ಕೊಟ್ಟೆ.

ತಲೆ ಕೆಟ್ಟಿದ್ದು ಡ್ರೆಕ್ಸೆಲ್‌ನ ಅಮಾರಿ ವಿಲಿಯಮ್ಸ್ ವಿಷ್ಯದಲ್ಲಿ. ಆಜಾನುಬಾಹು, ಅವ್ನ ಲೀಗಲ್ಲಿ ಮೂರು ವರ್ಷ ಬೆಸ್ಟ್ ಡಿಫೆಂಡರ್, ಆದ್ರೆ ಲೀಗ್ ಚಿಕ್ಕದು. ರಾತ್ರಿ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಒಂದೇ ಕ್ಲಿಪ್ಪನ್ನ ನಿಲ್ಸಿ ನಿಲ್ಸಿ ನೋಡ್ದೆ: ಫ್ರೀ ಥ್ರೋ ಲೈನ್ ಹತ್ರ ಬಾಲ್ ಹಿಡ್ದ, ರಿಂಗಿನ ಕಡೆ ತಿರುಗ್ಲೇ ಇಲ್ಲ, ಡಿಫೆಂಡರ್ ಬೆನ್ನ ಹಿಂದೆ ನುಗ್ತಿದ್ದ ತನ್ನ ಟೀಮಿನ ಗಾರ್ಡಿಗೆ ನೆಲಕ್ಕೆ ಬಡ್ದು ಬೌನ್ಸ್ ಪಾಸ್ ಕೊಟ್ಟ. ಲೀಗ್ ಚಿಕ್ಕದಾದ್ರೇನು, ಆ ಪಾಸ್ ಎಲ್ಲಾದ್ರೂ ನಡಿಯುತ್ತೆ ಅನ್ಸ್ತು. ಹೆಂಡ್ತಿ ಬಂದು "ಅನ್ನ ಆರೋಗ್ತಿದೆ ಕಣ್ರೀ, ಅವ್ನೇನ್ ನಿಮ್ ಅಳಿಯಾನಾ" ಅಂದ್ಳು.

ಒಕ್ಲಹೋಮದಿಂದ ಬಂದ ಒಟೇಗಾ ಒವೇಗೆ ಮಾತ್ರ ಐದು ಕೊಟ್ಟು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೆ, ಬೆಂಚಿಂದ ಬಂದು ಓಡಾಡ್ಕೊಂಡಿರ್ತಾನೆ ಅಂತ.

ಆಮೇಲೆ ಆಗಿದ್ದು ಇಷ್ಟು. ನವೆಂಬರಲ್ಲೇ ಡ್ಯೂಕನ್ನ 77-72 ಸೋಲಿಸಿದ್ರು, ಗಾಯ ಅಂತ ಕ್ರೀಸಾ, ರಾಬಿನ್ಸನ್ ಅನ್ನೋ ಇಬ್ರು ಆಟಗಾರರು ಹೊರಗುಳಿದ್ರೂ ಪೋಪ್ ಟೀಮ್ ಎನ್‌ಸಿಎಎ ಟೂರ್ನಮೆಂಟಲ್ಲಿ ಸ್ವೀಟ್ ಸಿಕ್ಸ್‌ಟೀನ್ (ಕೊನೇ ಹದಿನಾರು ಟೀಮಿನ ಹಂತ) ತಲುಪ್ತು, ಸೀಸನಲ್ಲಿ ತಾವೇ ಎರಡು ಸಲ ಸೋಲ್ಸಿದ್ದ ಟೆನೆಸ್ಸಿ ಕೈಲೇ ಅಲ್ಲಿ 78-65 ಸೋತ್ರು. ವರ್ಷ ಪೂರ್ತಿ ಟೀಮಿಗೆ ಜಾಸ್ತಿ ಪಾಯಿಂಟ್ ಹೊಡ್ದಿದ್ದು ಯಾರು ಅಂದ್ರೆ ನನ್ನ ಐದು ಮಾರ್ಕ್ಸ್ ಒವೇ. ಕಟಿಂಗ್ ಶಾಪಿನವ್ನಿಗೆ ಆ ಶೀಟ್ ಕಳ್ಸಿದ್ದೆ ಬೇರೆ, ಈಗ ಹೋದಾಗೆಲ್ಲ ಕತ್ರಿ ಹಿಡ್ಕೊಂಡೇ ಅದನ್ನ ಕೇಳ್ತಾನೆ.